ರಾಯ್ಸ್‌ಗೆ ಸಿಗದ ಅಪ್ಪನ ಪಾತ್ರ

ನನ್ನ ಹೆಂಡತಿ ಬೆರಿಲ್‌ಳ ಅಣ್ಣ ರಾಯ್ಸ್ ಪೆನ್‌ಹೇಲ್ ಯಾವ ಪಾತ್ರವನ್ನಾದರೂ ಮಾಡಬಲ್ಲ ನಟ ಎಂದು ಅಡಿಲೇಡಿನ ಪತ್ರಿಕೆಗಳು ಬರೆಯುತ್ತಿದ್ದವು. ಬರೆಯುವ ಮೊದಲು ನಮ್ಮೂರು ಪೋರ್ಟ್ ಪಿರಿಗೆ ಬಂದು ನನ್ನನ್ನೊಂದು ಮಾತು ಕೇಳಿದ್ದರೆ ಆ ‘ಯಾವ ಪಾತ್ರವನ್ನಾದರೂ’ ಎಂಬುದನ್ನು ಹೊಡೆದುಹಾಕಿಸುತ್ತಿದ್ದೆ. ಹೊಟ್ಟೆಕಿಚ್ಚಿನಿಂದಲ್ಲ. ಅವನನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಅವನಪ್ಪ, ಅಂದರೆ ನನ್ನ ಮಾವ ಪರ್ಸಿ, ಸೀಸದ ಕಾರ್ಖಾನೆಯ ಕುಲುಮೆಯಲ್ಲಿ ದುಡಿದವರು. ನಾನೂ ಅಲ್ಲೇ ದುಡಿದವನು. ನಮ್ಮೂರಲ್ಲಿ ಶಾಲೆ ಬಿಟ್ಟ ಗಂಡುಹುಡುಗ ಕುಲುಮೆಗೆ ಹೋಗಬೇಕು, ಇಲ್ಲವೇ ಮೀನಿನ ದೋಣಿಗೆ. ರಾಯ್ಸ್ ಮಾತ್ರ ನಾಟಕ ಮಾಡುತ್ತೇನೆಂದು ಅಡಿಲೇಡಿನ ರೈಲು ಹತ್ತಿಬಿಟ್ಟ. ಆ ಕಾಲದ ರೇಡಿಯೋ ನಾಟಕದಲ್ಲಿ ಕುರಿ ಉಣ್ಣೆ ಕತ್ತರಿಸುವವನು ಕೂಡ ಲಂಡನ್ನಿನ ದೊಡ್ಡಮನೆಯಲ್ಲಿ ಹುಟ್ಟಿದವನಂತೆ ಮಾತಾಡಬೇಕಿತ್ತು. ‘ಧ್ವನಿ ಚೆನ್ನಾಗಿದೆ, ಈ ಊರಮಾತು ಮಾತ್ರ ಹೊರಗೆ ಬಿಟ್ಟು ಬಾ’ ಎಂದರಂತೆ ರೇಡಿಯೋದವರು. ಮಾತು ತಿದ್ದುವ ಮೇಡಂ ಒಬ್ಬಳು ಇದ್ದಳು. ಹಲ್ಲಿನ ನಡುವೆ ಬಾಟಲಿಯ ಬಿರಡೆ ಕಚ್ಚಿಸಿ ಅವನ ಬಾಯಿ ತಿದ್ದಿದಳು. ಪುಣ್ಯಾತ್ಗಿತ್ತಿ, ಕೆಲಸದಲ್ಲಿ ಒಂದಿಷ್ಟೂ ಕುಂದು ಉಳಿಸಲಿಲ್ಲ.

ಆಮೇಲೆ ಅವನಿಗೆ ಪುರುಸೊತ್ತೇ ಇರಲಿಲ್ಲ. ಒಂದೇ ಸಂಜೆ ರೇಡಿಯೋದಲ್ಲಿ ಬಿಷಪ್ಪನೂ ಅವನೇ, ಕೊಲೆಗಾರನೂ ಅವನೇ. ಮೀಸೆ ಸರಿಯಾಗಿ ಬಲಿಯುವ ಮೊದಲೇ ರಂಗದ ಮೇಲೆ ಮುದಿ ರಾಜನಾದ. ಟಿವಿ ಬಂದಮೇಲೆ ಪೊಲೀಸ್ ಧಾರಾವಾಹಿಗಳಲ್ಲಿ ಎಷ್ಟು ಸಲ ಸತ್ತನೋ, ನಾವು ಲೆಕ್ಕ ಇಡುವುದನ್ನೇ ಬಿಟ್ಟೆವು. ಕ್ರಿಸ್‌ಮಸ್ಸಿಗೆ ಊರಿಗೆ ಬಂದರೆ ಅತ್ತೆ ಮಾಡಿದ ಪಾಸ್ಟಿ ಎಂಬ ಮಾಂಸದ ಕಡುಬು ತಿಂದು, ‘ಅಮ್ಮಾ, ಇನ್ನೊಂದು ಬಟ್ಟಲು ಚಹಾ ದೊರೆಯಬಹುದೇ?’ ಎನ್ನುತ್ತಿದ್ದ.

‘ನೋಡೇ ಬೆರಿಲ್, ಪಾದ್ರಿಗಳಿಗೆ ಟೀ ಬೇಕಂತೆ’ ಎಂದು ಅತ್ತೆ ನಗುತ್ತಿದ್ದರು.

ಮಾವ ಅವನ ಒಂದೇ ಒಂದು ನಾಟಕ ನೋಡಿದ್ದರು. ಮುಗಿದ ಮೇಲೆ ಟೋಪಿ ತಿರುಗಿಸುತ್ತಾ, ‘ಚೆನ್ನಾಗ್ ಮಾಡ್ದೆ ಕಣೋ. ಆದ್ರೆ ನಮ್ಮಂಥೋರು ಯಾರೂ ಬರಲ್ವಲ್ಲ ಇದ್ರಲ್ಲಿ?’ ಎಂದರು. ಮಾವ ತೀರಿಹೋದರು, ಆ ಮಾತು ರಾಯ್ಸ್‌ನೊಳಗೆ ಮುಳ್ಳಿನ ಹಾಗೆ ಉಳಿಯಿತು.

ಎಪ್ಪತ್ತರ ದಶಕದಲ್ಲಿ ಗಾಳಿ ತಿರುಗಿತು. ನಮ್ಮ ಜನದ ಸಿನಿಮಾ, ನಮ್ಮ ಜನದ ಮಾತಲ್ಲೇ ಬೇಕು ಎನ್ನುವ ಉದ್ದಗೂದಲಿನ ಹುಡುಗರು ಹುಟ್ಟಿಕೊಂಡರು. ಅಂಥ ಒಬ್ಬ ನಿರ್ದೇಶಕ ಗ್ರೇಮ್. ಕುಲುಮೆಯ ಕೆಲಸಗಾರನೊಬ್ಬ ಮುಷ್ಕರ ಹೂಡಿ ಕೆಲಸ ಕಳಕೊಳ್ಳುವ ಕಥೆ ಬರೆದು, ಪಿರಿಯಲ್ಲಿ ಹುಟ್ಟಿದ ನಟ ಎಂದು ನಮ್ಮ ರಾಯ್ಸ್‌ನನ್ನೇ ಕರೆದ. ಅವತ್ತೇ ನಮ್ಮ ಮನೆಗೆ ಫೋನು ಮಾಡಿದ. ‘ಬೆರಿಲ್, ಅದು ಸಾಕ್ಷಾತ್ ನಮ್ಮ ಅಪ್ಪನ ಪಾತ್ರ. ಅಮ್ಮನ ಕಣ್ಣ ಮುಂದೆ ಅಪ್ಪನನ್ನು ಒಮ್ಮೆ ನಿಲ್ಲಿಸಿಬಿಟ್ಟರೆ ಸಾಕು, ನನಗೆ ಇನ್ನೇನೂ ಬೇಡ.’

ಪಾತ್ರದ ಆಯ್ಕೆ ಪರೀಕ್ಷೆಗೆ ಮುಂಚೆ ಊರಮಾತಿಗೆ ನಾಲಿಗೆ ಪಳಗಿಸಿಕೊಳ್ಳಲು ನಮ್ಮ ಮನೆಗೇ ಬಂದ. ನಾನು ಅವನನ್ನು ಪಬ್ಬಿಗೆ ಕರೆದೊಯ್ದೆ. ಬಾಗಿಲಲ್ಲಿ ನಿಂತು, ‘ಏನ್ರಪ್ಪಾ, ಹೆಂಗಿದೀರಾ ಎಲ್ರೂ?’ ಎಂದ. ಒಂದಕ್ಷರ ತಪ್ಪಿರಲಿಲ್ಲ. ಆದರೂ ಗ್ಲಾಸು ಹಿಡಿದ ಕೈಗಳೆಲ್ಲ ನಿಂತವು. ಕುಲುಮೆಯ ಬಳಿ ನನ್ನ ಜೊತೆಗಾರನಾಗಿದ್ದ ಸಿಡ್ ನನ್ನ ಕಿವಿಯಲ್ಲಿ, ‘ಮರ್ವ್, ನಿನ್ ಹೆಂಡ್ತಿ ಅಣ್ಣ ನಮ್ಮನ್ನ ಆಡ್ಕೊಳಕ್ಕೆ ಬಂದವ್ನಾ?’ ಎಂದ.

‘ಸುಮ್ನಿರಲೇ, ಇಲ್ಲೇ ಹುಟ್ದೋನು ಅವ್ನು’ ಎಂದೆ.

‘ಹುಟ್ಟಿರ್ಬೋದು. ಬೀರು ಬೇಕಾದ್ರೆ ಕೊಡುಸ್ತೀನಿ, ಆದ್ರೆ ಹಂಗ್ ಮಾತಾಡ್ಬೇಡ ಅನ್ನು.’

ಮರುದಿನ ಅಡುಗೆಮನೆಯಲ್ಲಿ ಅತ್ತೆ ಆಲೂಗಡ್ಡೆ ಸುಲಿಯುತ್ತಿದ್ದಾಗ ರಾಯ್ಸ್ ಮುಷ್ಕರದ ಭಾಷಣ ಹೇಳಿ ತೋರಿಸಿದ. ಮಾವನ ಹಾಗೆ ಭುಜ ಬಗ್ಗಿಸಿದ, ಅವರ ಹಾಗೇ ಮೂಗು ಒರೆಸಿಕೊಂಡ. ಅತ್ತೆ ಚಾಕು ಕೆಳಗಿಟ್ಟರು.

‘ಯಾರಪ್ಪಾ ಇವ್ನು?’

‘ಅಪ್ಪ ಕಣಮ್ಮ’ ಎಂದ, ಹೊಸದಾಗಿ ಕಲಿತ ಆ ಊರಮಾತಿನಲ್ಲೇ.

‘ನಿಮ್ಮಪ್ಪ ಹಂಗ್ ಮಾತಾಡ್ತಿರ್ಲಿಲ್ಲ ಮಗಾ’ ಎಂದರು ಅತ್ತೆ. ಸಿಟ್ಟಿರಲಿಲ್ಲ, ಮೆತ್ತಗೇ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ರಾಯ್ಸ್ ಹಿತ್ತಿಲಿಗೆ ಹೋಗಿ ಅದೇ ಭಾಷಣವನ್ನು ಮತ್ತೆ ಮೊದಲಿಂದ ಹೇಳತೊಡಗಿದ. ತನ್ನದೇ ಮಾತನ್ನು ಪರರ ಮಾತಿನಂತೆ ಕಲಿಯಬೇಕಾದ ಗತಿ ಶತ್ರುವಿಗೂ ಬೇಡ.

ಪರೀಕ್ಷೆಯಲ್ಲಿ ಗ್ರೇಮ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ‘ರಾಯ್ಸ್, ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡಲ್ಲ. ಆದ್ರೆ ಮಾಡ್ತಿದೀರಿ ಅಂತ ಗೊತ್ತಾಗ್ಬಿಡುತ್ತೆ.’ ಕೆಲಸಗಾರನ ಪಾತ್ರ ಪೋರ್ಟ್ ಅಗಸ್ಟಾದ ಲಾರಿ ಡ್ರೈವರ್ ಲೆಸ್ ಎಂಬುವನಿಗೆ ಹೋಯಿತು. ಅವನು ರಂಗಮಂದಿರದ ಒಳಗೆ ಕಾಲಿಟ್ಟವನೇ ಅಲ್ಲ. ರಾಯ್ಸ್‌ಗೆ ಸಿಕ್ಕಿದ್ದು ಆ ಕೆಲಸಗಾರನನ್ನು ಹೊರಗೆ ಹಾಕುವ ಇಂಗ್ಲಿಷ್ ಮ್ಯಾನೇಜರನ ಪಾತ್ರ. ಬೇಡವೆನ್ನಬಹುದಿತ್ತು, ಅನ್ನಲಿಲ್ಲ. ನಟನಾದವನು ಬಂದ ಕೆಲಸ ಬಿಡುವುದಿಲ್ಲ.

ಸಿನಿಮಾ ನಮ್ಮೂರಿಗೆ ಬಂದಾಗ ಅವನು ಅತ್ತೆಯ ಪಕ್ಕದಲ್ಲೇ ಕೂತು ನೋಡಿದ. ಮ್ಯಾನೇಜರ್ ತೆರೆಯ ಮೇಲೆ ಬಂದಾಗಲೆಲ್ಲ ಜನ ‘ಹಡಗು ಹತ್ತೋ, ನಿಮ್ಮೂರಿಗೆ ಹೋಗೋ!’ ಎಂದು ಕೂಗಿದರು. ನಿಜಕ್ಕೂ ಅದ್ಭುತವಾಗಿ ಮಾಡಿದ್ದ, ಹಾಳಾದವನು. ಅತ್ತೆಯ ಕಣ್ಣೀರು ಹರಿದದ್ದು ಮಾತ್ರ ಲೆಸ್ ಬಾಯಿ ತೆರೆದಾಗ. ಹೊರಗೆ ಬಂದವರು ಮಗನ ತೋಳು ಹಿಡಿದು ಕೇಳಿದರು: ‘ಆ ಹುಡ್ಗ ಯಾರ ಮಗನೋ? ನಿಮ್ಮಪ್ಪನ್ನ ಕೇಳ್ದಂಗೇ ಆಯ್ತು. ಒಂದ್ಸಲ ಮನೆಗೆ ಕರ್ಕೊಂಡ್ ಬಾರೋ, ಊಟಕ್ಕೆ.’

ನಾನಾಗಿದ್ದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ರಾಯ್ಸ್ ಮುಂದಿನ ಭಾನುವಾರ ತಾನೇ ಕಾರು ಓಡಿಸಿಕೊಂಡು ಹೋಗಿ ಲೆಸ್‌ನನ್ನು ಕರೆತಂದ. ಅತ್ತೆ ಆ ಲಾರಿ ಡ್ರೈವರನನ್ನು ಮಾವನ ಕುರ್ಚಿಯಲ್ಲಿ ಕೂರಿಸಿ, ಕುರಿಮಾಂಸದ ರೋಸ್ಟ್ ಬಡಿಸಿ, ‘ಏನಾದ್ರೂ ಮಾತಾಡಪ್ಪ’ ಎಂದರು.

‘ಏನ್ ಮಾತಾಡ್ಲಮ್ಮಾ?’

‘ಏನಾದ್ರೂ. ನಿನ್ ಲಾರಿ ಬಗ್ಗೆನೇ ಮಾತಾಡು.’

ಲೆಸ್ ನಾಚಿಕೊಳ್ಳುತ್ತಾ ಟಯರಿನ ವಿಷಯ, ರಸ್ತೆಯ ವಿಷಯ, ಕಾಂಗರೂ ಅಡ್ಡ ಬಂದ ವಿಷಯ ಹೇಳತೊಡಗಿದ. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ನಾನು ಸಾಸಿನ ಬಾಟಲಿ ಕೊಡಲೆಂದು ರಾಯ್ಸ್‌ನ ಕಡೆ ತಿರುಗಿದೆ. ಅವನು ತಟ್ಟೆಯನ್ನೇ ನೋಡುತ್ತಿದ್ದ. ಲೆಸ್ ಆಡಿದ ಒಂದೊಂದು ಮಾತಿಗೂ ಅವನ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.