ರಾಹುಕಾಲ ಕಳೆದ ಮೇಲೆ ನೆಟ್ಟ ಕಲ್ಲು

ನನ್ನ ಓದಿನ ಬಗ್ಗೆ ಅಪ್ಪನಿಗಿದ್ದ ಅಭಿಪ್ರಾಯ ಒಂದೇ: ಮದುವೆ ಮುಂದೂಡಲು ನಾನು ಹುಡುಕಿಕೊಂಡ ನೆಪ. ಹುಣಸೂರಿನಿಂದ ಹನಗೋಡಿಗೆ ಬರುವ ಬಸ್ಸಿನಲ್ಲಿ ಯಾರಾದರೂ "ಮಗಳು ಏನ್ ಓದ್ತಾವ್ಳೆ?" ಎಂದು ಕೇಳಿದರೆ, "ಮೋಡದ ಮ್ಯಾಲೆ ಏನೋ ಅದಂತೆ, ಅದನ್ನ ಎಣಿಸ್ತಾವ್ಳೆ" ಎಂದು ಇಡೀ ಬಸ್ಸು ನಗುವ ಹಾಗೆ ಹೇಳುತ್ತಿದ್ದ. ಸುಳ್ಳೇನೂ ಅಲ್ಲ. ಮೋಡಕ್ಕಿಂತ ಎಷ್ಟೋ ಎತ್ತರದಲ್ಲಿ ಅಯಾನುಗೋಳ ಎಂಬ ಪದರವಿದೆ. ಅಲ್ಲಿ ಬಿಸಿಲು ಗಾಳಿಯ ಕಣಗಳನ್ನು ಒಡೆದು ಎಲೆಕ್ಟ್ರಾನುಗಳನ್ನು ಬಿಡಿಸಿಡುತ್ತದೆ. ಅವು ಎಲ್ಲಿ ದಟ್ಟ, ಎಲ್ಲಿ ವಿರಳ ಎಂದು ಉಪಗ್ರಹಗಳ ದತ್ತಾಂಶ ನೋಡಿ ಹೇಳುವುದು ನನ್ನ ಕೆಲಸ.

ನಮ್ಮ ಸೀಮೆಯ ಆಕಾಶಕ್ಕೆ ಒಂದು ಚಾಳಿ ಇದೆ. ಯುಗಾದಿಯ ಆಸುಪಾಸಿನಲ್ಲಿ, ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ, ಆ ಪದರದ ಅಡಿಯಿಂದ ಎಲೆಕ್ಟ್ರಾನುಗಳು ತೀರಾ ಕಡಿಮೆ ಇರುವ ಗುಳ್ಳೆಗಳು ಮೇಲೇಳುತ್ತವೆ, ಮುದ್ದೆಗಿಟ್ಟ ಹಿಟ್ಟು ಕುದಿಯುವಾಗ ಏಳುವಂತೆ. ಜಿಪಿಎಸ್ ಸಂಕೇತ ಅವುಗಳನ್ನು ಹಾದು ಬಂದರೆ ನಡುಗುತ್ತದೆ, ಕೆಲವೊಮ್ಮೆ ಕಡಿದೇ ಹೋಗುತ್ತದೆ. ಆ ನಡುಕ ಹಿಡಿಯಲೆಂದು ನಮ್ಮ ಮನೆಯ ತಾರಸಿಯ ಮೇಲೆ ಒಂದು ಆಂಟೆನಾ ಇಟ್ಟಿದ್ದೆ. ಅಪ್ಪ ಅದನ್ನು ಬೋರಲು ಹಾಕಿದ ಬೋಸಿ ಅನ್ನುತ್ತಿದ್ದ. ಅದರ ಮೇಲೆ ಕಾಗೆ ಕೂತರೂ ಓಡಿಸುತ್ತಿರಲಿಲ್ಲ.

ನಮ್ಮ ಹೊಲಕ್ಕೆ ಅಂಟಿಕೊಂಡೇ ಚಿಕ್ಕವ್ವನ ಹೊಲ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಎರಡು ಎಮ್ಮೆ, ತುಂಡು ಹೊಲ, ಹೊಲದ ಅಂಚಿನಲ್ಲಿ ಚಿಕ್ಕಪ್ಪ ಕೊರೆಸಿದ್ದ ಬೋರು. ಆ ಬೋರಿನ ನೀರಿನಿಂದಲೇ ಹುಲ್ಲು, ಹುಲ್ಲಿನಿಂದಲೇ ಹಾಲು, ಹಾಲಿನಿಂದಲೇ ಊಟ. ಅದೊಂದು ಇದ್ದದ್ದರಿಂದ ಅವಳು ಯಾರ ಮನೆ ಬಾಗಿಲಲ್ಲೂ ನಿಲ್ಲಬೇಕಾಗಿರಲಿಲ್ಲ. ಅಪ್ಪನಿಗೆ ಅದೇ ಕಣ್ಣುರಿ.

ಹೊಗೆಸೊಪ್ಪಿಗೆ ಹೊಲ ಹದ ಮಾಡಿಸುವಾಗ ಅಪ್ಪನ ಟ್ರ್ಯಾಕ್ಟರು ನಡುವಿನ ಬದುವನ್ನೂ ಅಜ್ಜ ನೆಟ್ಟಿದ್ದ ಬಾಂದುಕಲ್ಲನ್ನೂ ಕಿತ್ತುಹಾಕಿತು. ಬೇಕಂತಲೇ ಕೀಳಿಸಿದ್ದು ಎಂದು ಚಿಕ್ಕವ್ವ ಬೀದಿಯಲ್ಲಿ ನಿಂತು ಮಣ್ಣು ತೂರಿ ಶಾಪ ಹಾಕಿದಳು. ಕೊನೆಗೆ ಗಡಿ ಅಳೆದು ಹೊಸ ಕಲ್ಲು ನೆಡುವುದೆಂದು ತೀರ್ಮಾನವಾಯಿತು. ಸರ್ವೆಯವರು ಒಂದು ಭಾನುವಾರ ಬಿಡುವು ಮಾಡಿಕೊಂಡು ಬಂದರು. ಜೊತೆಗೆ ತುದಿಯಲ್ಲಿ ಜಿಪಿಎಸ್ ಕೂರಿಸಿದ ಕೋಲು ತಂದಿದ್ದರು. ಅದಕ್ಕೆ ರೋವರ್ ಅನ್ನುತ್ತಾರೆ. ನಾನೂ ಆಂಟೆನಾ ನೋಡಿಕೊಂಡು ಹೋಗಲು ಊರಿಗೆ ಬಂದಿದ್ದೆ.

ಅವರು ಬಂದದ್ದು ಸರಿಯಾಗಿ ರಾಹುಕಾಲಕ್ಕೆ. ಭಾನುವಾರ ಅದು ಇಳಿಹೊತ್ತಿಗೆ ಬರುತ್ತದೆ.

"ಬಾಂದುಕಲ್ಲು ಸಾರ್, ರಾವುಕಾಲ್ದಲ್ಲಿ ಮುಟ್ಟಂಗಿಲ್ಲ" ಎಂದ ಅಪ್ಪ. ಚಿಕ್ಕವ್ವನೂ ಹೂಂ ಅಂದಳು. ಎಷ್ಟೋ ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ ಒಂದೇ ಮಾತು ಅದು. ಸರ್ವೆಯವರು ಟೀ ಕುಡಿದು ಕೂತರು. ರಾಹುಕಾಲ ಕಳೆಯಿತು. ಕಲ್ಲಿಗೆ ಅರಿಶಿನ ಕುಂಕುಮ ಹಚ್ಚುವಾಗ ಒಡೆಯಲು ಕಾಯಿಯೇ ಇಲ್ಲ. ಅದನ್ನು ತರಲು ಬೈಕಿನಲ್ಲಿ ಹನಗೋಡಿಗೆ ಹೋದ ನಮ್ಮ ಆಳು ಅಲ್ಲಿ ಯಾರ ಜೊತೆಯೋ ಮಾತಿಗೆ ನಿಂತ. ಅವನು ಬಂದು, ಕಾಯಿ ಒಡೆದು, ಕರ್ಪೂರ ಹಚ್ಚುವಷ್ಟರಲ್ಲಿ ಕತ್ತಲಾಗಿತ್ತು.

ನನ್ನ ಮೊಬೈಲಿನಲ್ಲಿ ತಾರಸಿಯ ಆಂಟೆನಾದ ಗೆರೆಗಳು ಕುಣಿಯಲು ಶುರುವಾಗಿದ್ದವು. "ಈಗ ಅಳೀಬೇಡಿ ಸಾರ್, ಆಕಾಶ ಸರಿಯಿಲ್ಲ. ನಾಳೆ ಬೆಳಿಗ್ಗೆ ಅಳೆಯಿರಿ" ಅಂದೆ.

"ರಾವುಕಾಲ ಕಳೀತಲ್ಲ, ಇನ್ನೇನು ರೋಗ ನಿನ್ನ ಆಕಾಸಕ್ಕೆ?" ಎಂದ ಅಪ್ಪ. ಎಲ್ಲರೂ ನಕ್ಕರು, ಚಿಕ್ಕವ್ವನೂ ನಕ್ಕಳು. ಸರ್ವೆಯವರ ಯಂತ್ರ ಒಂದು ಕಡೆ ನಿಲ್ಲದೆ ಸತಾಯಿಸುತ್ತಿತ್ತು. ಅವರಿಗೆ ಮನೆ ಸೇರುವ ಅವಸರ. ಕಡೆಗೊಮ್ಮೆ "ಬಂತು ಬಂತು" ಎಂದು ಬೈಕಿನ ದೀಪದಲ್ಲಿ ಗೂಟ ಹೊಡೆಸಿ, ಅಲ್ಲೇ ಕಲ್ಲು ನೆಡಿಸಿಯೇಬಿಟ್ಟರು. ಬೋರು ಚಿಕ್ಕವ್ವನಿಗೇ ಉಳಿಯಿತು. ಚಿಕ್ಕಪ್ಪ ನೆಟ್ಟಿದ್ದ ಎರಡು ತೆಂಗಿನ ಮರ ನಮ್ಮ ಪಾಲಿಗೆ ಬಂದವು.

ಆ ಮರಗಳನ್ನು ತಬ್ಬಿಕೊಂಡು ಚಿಕ್ಕವ್ವ ಅತ್ತದ್ದು ನನಗೆ ನೋಡಲಾಗಲಿಲ್ಲ. ಅಪ್ಪ ಮಾರನೆಯ ದಿನವೇ ಎಳನೀರು ಕೀಳಿಸಿ ಅವಳ ಕಣ್ಣೆದುರಿಗೇ ಕುಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಮೈಸೂರಿಗೆ ಹಿಂತಿರುಗಿದವಳೇ ಆ ಸಂಜೆಯ ದತ್ತಾಂಶ ತೆಗೆದೆ. ನಮ್ಮ ಆಂಟೆನಾ ಅದೇ ಹೊತ್ತಿನಲ್ಲಿ ಹಲವು ಉಪಗ್ರಹಗಳನ್ನು ಕಳೆದುಕೊಂಡಿತ್ತು. ಅಯಾನುಗೋಳದೊಳಗೇ ಹಾರುತ್ತಾ ಎಲೆಕ್ಟ್ರಾನುಗಳ ಸಾಂದ್ರತೆ ಅಳೆಯುವ ಒಂದು ಉಪಗ್ರಹ ಆ ಸಂಜೆ ನಮ್ಮ ಮೇಲೆಯೇ ಹಾದುಹೋಗಿತ್ತು. ಅದರ ಗೆರೆ ನಮ್ಮ ಸೀಮೆಯ ಮೇಲೆ ಬಂದಾಗ ಬಾವಿಗೆ ಬಿದ್ದಂತೆ ಕುಸಿದಿತ್ತು. ಅಷ್ಟು ಚೆಂದದ ಗುಳ್ಳೆಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಚಿತ್ರಗಳನ್ನು ಅಚ್ಚು ಹಾಕಿಸಿಕೊಂಡು ಊರಿಗೆ ಹೋದೆ. ಹಾಲಿನ ಡೇರಿಯ ಮುಂದೆ ನಾಲ್ಕು ಜನ ಹಿರಿಯರನ್ನು ಕೂರಿಸಿ, ಆ ಅಳತೆ ನಂಬುವಂಥದ್ದಲ್ಲ, ಮತ್ತೆ ಅಳೆಯಬೇಕು ಎಂದು ಬಿಡಿಸಿ ಹೇಳಿದೆ. ಚಿಕ್ಕವ್ವ ನನ್ನ ಪಕ್ಕದಲ್ಲಿ ಸೆರಗು ಬಿಗಿದು ನಿಂತಿದ್ದಳು.

ಅಪ್ಪ ಚಿತ್ರ ಇಸಿದುಕೊಂಡು ನಿಧಾನವಾಗಿ ನೋಡಿದ. "ಆಯ್ತು. ಕಲ್ಲು ಯಾವ ಕಡೀಕೆ ತಪ್ಪದೆ ಅಂತ ಇದ್ರಲ್ಲಿ ಬರ್ದದಾ?"

"ಇಲ್ಲ. ತಪ್ಪಿರಬಹುದು ಅಂತ ಮಾತ್ರ ಹೇಳಬಹುದು. ಯಾವ ಕಡೆಗೆ ಅಂತ ಗೊತ್ತಾಗಲ್ಲ."

"ಸರಿ ಬುಡು, ಬೆಳಗ್ಗೇನೇ ಅಳೀಲಿ" ಎಂದ. ಇಷ್ಟು ಸುಲಭಕ್ಕೆ ಒಪ್ಪಿದನಲ್ಲ ಎಂದು ನಾನು ಹಿಗ್ಗಿದೆ. ಚಿಕ್ಕವ್ವ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು.

ಮರು ಅಳತೆಯ ದಿನ ಬೆಳಿಗ್ಗೆ ಆಂಟೆನಾದ ಗೆರೆಗಳು ಒಂದಿಷ್ಟೂ ಅಲುಗಾಡಲಿಲ್ಲ. ಇದಕ್ಕಿಂತ ಒಳ್ಳೆಯ ಆಕಾಶ ಸಿಗುವುದಿಲ್ಲ ಎಂದು ಎಲ್ಲರ ಮುಂದೆ ನಾನೇ ಹೇಳಿದೆ. ರೋವರ್ ಚಕ್ಕನೆ ನಿಂತಿತು. ಸರ್ವೆಯವರು ಕೋಲು ಹಿಡಿದು ಆ ಸಂಜೆ ನೆಟ್ಟ ಕಲ್ಲು ದಾಟಿದರು, ಚಿಕ್ಕವ್ವನ ಹುಲ್ಲಿನ ಸಾಲು ದಾಟಿದರು, ಬೋರನ್ನೂ ದಾಟಿದರು. ಬೋರಿನಿಂದ ಆಚೆಗೆ ಒಂದು ಮಾರು ದೂರದಲ್ಲಿ ಗೂಟ ಬಿತ್ತು. ಚಿಕ್ಕಪ್ಪ ಬದು ನೋಡಿ ಬೋರು ಕೊರೆಸಿದ್ದ, ನಕ್ಷೆ ನೋಡಿ ಅಲ್ಲ.

ಚಿಕ್ಕವ್ವ ಅಳಲಿಲ್ಲ. "ಇನ್ನೊಂದ್ಸಲ ಅಳೀರಿ ಸಾರ್" ಅಂದಳು. ಅವರು ನನ್ನ ಮುಖ ನೋಡಿದರು. ಸರಿಯಾದ ಅಳತೆಯನ್ನು ತಪ್ಪು ಅನ್ನಲು ನನ್ನ ಹತ್ತಿರ ಯಾವ ಚಿತ್ರವೂ ಇರಲಿಲ್ಲ.

ಮನೆಗೆ ನಡೆಯುವಾಗ ಅಪ್ಪ ನನ್ನ ಹೆಗಲ ಮೇಲೆ ಕೈ ಹಾಕಿದ, ನಾನು ಚಿಕ್ಕವಳಾಗಿದ್ದಾಗ ಹಾಕುತ್ತಿದ್ದ ಹಾಗೆ. "ನಮ್ಮಪ್ಪ ಕಿರಿಮಗನ ಮೇಲಿನ ಆಸೆಗೆ ಕಲ್ಲು ಇತ್ಲಾಗೆ ಸರಿಸಿ ನೆಟ್ಟಿದ್ದ ಕಣಮ್ಮಿ. ನಂಗೆ ಮದ್ಲಿಂದ್ಲೂ ಗೊತ್ತಿತ್ತು. ಕೀಳಿಸಿದ್ದೂ ಅದ್ಕೇಯ. ಆವತ್ತು ಬೋರು ಅವಳಿಗೇ ಉಳ್ದಾಗ ಕೈ ಹಿಸುಕ್ಕೊಂಡೆ. ನಾನಾಗೇ ಮತ್ತೆ ಅಳ್ಸಿದ್ರೆ ಗಂಡನಿಲ್ದೋಳ ನೀರು ಕಿತ್ಕೊಂಡ ಅಂತ ಊರು ಮಕಕ್ಕೆ ಉಗೀತಿತ್ತು. ನೀನು ಕೇಳ್ದೆ. ಓದ್ಸಿದ್ದು ಸಾರ್ಥಕವಾಯ್ತು."

ಈಗ ಅವನು ಆಂಟೆನಾವನ್ನು ಬೋಸಿ ಅನ್ನುವುದಿಲ್ಲ. ಕಾಗೆ ಕೂತರೆ ಮೆಟ್ಟಿಲು ಹತ್ತಿ ಓಡಿಸಿ ಬರುತ್ತಾನೆ. ಬಸ್ಸಿನಲ್ಲಿ ನನ್ನ ಓದಿನ ವಿಷಯ ಬಂದರೆ ಯಾರಿಗೂ ನಗಲು ಬಿಡುವುದಿಲ್ಲ. ಆ ಸಂಜೆಯ ಗುಳ್ಳೆ ನನ್ನ ಪ್ರಬಂಧದ ಮೊದಲ ಚಿತ್ರವಾಗಿ ಅಚ್ಚಾಯಿತು. ನನ್ನ ಮಾರ್ಗದರ್ಶಕರು ಅದನ್ನು ಬಾಯ್ತುಂಬಾ ಹೊಗಳಿದರು.

ಎಮ್ಮೆಗಳನ್ನು ಮಾರಿದ ಮೇಲೆ ಚಿಕ್ಕವ್ವ ಕುಡಿಯುವ ನೀರಿಗೆ ನಮ್ಮ ಹಿತ್ತಲ ನಲ್ಲಿಗೆ ಬರತೊಡಗಿದಳು. ಅಪ್ಪ ಬೇಡ ಅನ್ನುತ್ತಿರಲಿಲ್ಲ. ಜಗುಲಿಯಲ್ಲಿ ಕೂತು "ತಕ್ಕಂಡೋಗು, ತಕ್ಕಂಡೋಗು" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ. ಕಳೆದ ಸಲ ಊರಿಗೆ ಹೋದಾಗ ಅವಳ ಕೊಡ ಎತ್ತಿಕೊಡಲು ಹೋದೆ. ಅವಳು ನನ್ನ ಕೈ ಸರಿಸಿ ತಾನೇ ಎತ್ತಿ ಸೊಂಟದ ಮೇಲಿಟ್ಟುಕೊಂಡಳು.

"ಆ ಸಂಜೆ ದೇವ್ರು ನನ್ನ ಕಡೆ ಇದ್ದ ಕಣವ್ವ" ಅಂದಳು. "ನೀನು ಹೋಗಿ ಅವನ ತಪ್ಪು ಹುಡುಕ್ಬುಟ್ಟೆ."