ತಿದ್ದಿದ ಕಿಟಕಿಗಳು

ನಮ್ಮ ಕಾರ್ಖಾನೆಯ ಹಿಂಬದಿಯ ಸ್ಟೋರ್ ರೂಮನ್ನು ಖಾಲಿ ಮಾಡುವಾಗ ಹಳೆಯ ಕ್ಯಾಟಲಾಗುಗಳ ಕೆಳಗೆ ಮೂರು ರಟ್ಟಿನ ಡಬ್ಬಗಳು ಸಿಕ್ಕವು. ಮೂರರ ಮೇಲೂ ಹಡಗಿನ ಚಿತ್ರ. ವಿಮಾನ ಇನ್ನೂ ಎಲ್ಲರಿಗೂ ಎಟುಕದಿದ್ದ ಕಾಲದಲ್ಲಿ ಸಾವಿರಗಟ್ಟಲೆ ಜನರನ್ನು ತುಂಬಿಕೊಂಡು ಸಾಗರ ದಾಟುತ್ತಿದ್ದ ಭಾರಿ ಹಡಗುಗಳು. ಡಬ್ಬದೊಳಗೆ ಅವುಗಳ ಪುಟ್ಟ ಮಾದರಿಯನ್ನು ಜೋಡಿಸಲು ಬೇಕಾದ ಪ್ಲಾಸ್ಟಿಕ್ ತುಂಡುಗಳಿದ್ದವು. ಮೊದಲ ಮೆಷಿನ್ನುಗಳನ್ನು ಕೂರಿಸಲು ಬಂದಿದ್ದ ಹೊರದೇಶದ ಇಂಜಿನಿಯರೊಬ್ಬ ಬಿಟ್ಟುಹೋದದ್ದಂತೆ. ಸ್ಟೋರಿನವರು ಅದನ್ನು ಗುಜರಿಯ ರಾಶಿಗೆ ಎಸೆದಿದ್ದರು.

ನಾನು ಟೂಲ್ ರೂಮಿನ ಫಿಟ್ಟರು. ಪ್ಲಾಸ್ಟಿಕ್ ಸಾಮಾನು ತೆಗೆಯುವ ಕಬ್ಬಿಣದ ಅಚ್ಚುಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಕೂರಿಸುವುದು ನನ್ನ ಕೆಲಸ. ಆ ದಿನ ನನ್ನ ಜೊತೆ ಸಾಮಾನು ಹೊರುತ್ತಿದ್ದವನು ಅದೇ ಅಚ್ಚುಗಳನ್ನು ಓಡಿಸುವ ಮೆಷಿನ್ನಿನ ಆಪರೇಟರು. ಕೆಲಮಂಗಲದ ಪಕ್ಕದ ಹಳ್ಳಿಯವನು. ಅಜ್ಜ ಮುತ್ತಜ್ಜರಿಂದ ಅಲ್ಲೇ ಬೇಸಾಯ ಮಾಡಿಕೊಂಡು ಬಂದ ಕನ್ನಡದ ಮನೆ. ನಾನು ತುಮಕೂರಿನ ಕಡೆಯಿಂದ ಗಡಿಯಾಚೆ, ತಮಿಳುನಾಡಿನ ಹೊಸೂರಿಗೆ ಬಂದು ಮೂಕಂಡಪಲ್ಲಿಯಲ್ಲಿ ಬಾಡಿಗೆಗಿದ್ದವನು. ನನಗಿಂತ ಆರೇಳು ವರ್ಷ ದೊಡ್ಡವನಾದ್ದರಿಂದ ಅವನನ್ನು ಅಣ್ಣ ಅನ್ನುತ್ತಿದ್ದೆ.

ಅವನು ಒಂದು ಡಬ್ಬ ತೆಗೆದು, ಒಳಗಿನ ತುಂಡೊಂದನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ದೋಣಿ. ಅದರ ಹಲಗೆಯ ಗೆರೆಗಳು ಕೂಡ ಎದ್ದು ಕಾಣುತ್ತಿದ್ದವು.

"ಈ ಅಚ್ಚು ಕೆತ್ತಿದೋನು ಸಾಮಾನ್ಯದೋನಲ್ಲ ಕಣ್ಲಾ," ಅಂದ. "ಎಲ್ಲೂ ಒಂದು ಎಳೆ ಪ್ಲಾಸ್ಟಿಕ್ ಹೊರಕ್ಕೆ ಬಂದಿಲ್ಲ, ನೋಡು."

ನಾನು ಮಗುಚಿ ನೋಡಿದೆ. ಸಾಮಾನನ್ನು ಅಚ್ಚಿನಿಂದ ಹೊರಗೆ ತಳ್ಳುವ ಪಿನ್ನಿನ ದುಂಡು ಗುರುತನ್ನು, ಜೋಡಿಸಿದ ಮೇಲೆ ಯಾರಿಗೂ ಕಾಣದ ಜಾಗದಲ್ಲಿ ಇಟ್ಟಿದ್ದ ಆ ಮನುಷ್ಯ. ಐವತ್ತು ಅರವತ್ತು ವರ್ಷದ ಹಿಂದೆ, ಯಾವುದೋ ಊರಿನಲ್ಲಿ, ನನ್ನ ಹಾಗೇ ಬೆಂಚಿನ ಮುಂದೆ ಬಗ್ಗಿ ನಿಂತಿದ್ದವನು. ಡಬ್ಬಗಳನ್ನು ಕೇಳಿ ಪಡೆದು ನನ್ನ ಮನೆಗೆ ತಂದೆವು.

ನಮ್ಮಿಬ್ಬರಲ್ಲಿ ಯಾರೂ ಅಂಥ ಹಡಗನ್ನು ಕಣ್ಣಾರೆ ಕಂಡವರಲ್ಲ. ಅಣ್ಣ ಸಮುದ್ರವನ್ನೇ ನೋಡಿರಲಿಲ್ಲ. ಆದರೂ ಎರಡು ವರ್ಷ ಪ್ರತಿ ಭಾನುವಾರ ಬೆಳಗ್ಗೆ ಅವನು ಬೈಕಿನಲ್ಲಿ ಬಂದು, ನಮ್ಮ ಮಹಡಿಯ ಶೀಟಿನ ಕೋಣೆಯಲ್ಲಿ ಸಂಜೆಯವರೆಗೆ ಕೂರುತ್ತಿದ್ದ. ಮೊದಲನೆಯದು ನಾಲ್ಕು ಚಿಮಣಿಯ ಹಡಗು. ವರ್ಷಗಟ್ಟಲೆ ಸೆಕೆಯಲ್ಲಿ ಬಿದ್ದಿದ್ದು ಅದರ ಮೈ ಬಾಳೆಕಾಯಿಯಂತೆ ಬಾಗಿತ್ತು. ನನ್ನ ಹೆಂಡತಿಯ ಅನ್ನದ ಪಾತ್ರೆಯಲ್ಲಿ ನೀರು ಕಾಯಿಸಿ, ಅದರಲ್ಲಿ ಅದ್ದಿ ಅದ್ದಿ ನೇರ ಮಾಡಿದೆವು. ಆ ಪಾತ್ರೆಯನ್ನು ಅವಳು ಮತ್ತೆ ಒಲೆಗೆ ಇಡಲಿಲ್ಲ. ಹಡಗಿನ ಮೇಲೆ ಅಂಟಿಸುವ ಅಕ್ಷರದ ಹಾಳೆ ಹಳದಿಯಾಗಿತ್ತು. ಕಿಟಕಿಯ ಗಾಜಿಗೆ ಅಂಟಿಸಿ ಮೂರು ವಾರ ಬಿಸಿಲು ತೋರಿಸಿದ ಮೇಲೆ ಬೆಳ್ಳಗಾಯಿತು. ತುಂಡುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಗೆ ನಾವು ರನ್ನರ್ ಅನ್ನುತ್ತೇವೆ. ಅದನ್ನು ಮೇಣದಬತ್ತಿಯ ಮೇಲೆ ಹಿಡಿದು, ಮೆತ್ತಗಾದ ಕ್ಷಣಕ್ಕೆ ಎರಡೂ ಕೈಯಿಂದ ಎಳೆದರೆ ಕೂದಲಿನಂಥ ದಾರ ಬರುತ್ತದೆ. ಹಡಗಿನ ಕಂಬಗಳಿಗೆ ಕಟ್ಟುವ ಹಗ್ಗ ಅದೇ. ನಾನು ಎಳೆದರೆ ನಡುವೆ ಕಡಿಯುತ್ತಿತ್ತು. ಅಣ್ಣ ಎಳೆದರೆ ಮಾರುದ್ದ, ಒಂದೇ ಸಮ. ಕಟ್ಟುವ ಕೆಲಸ ಮಾತ್ರ ನನ್ನದು. ಎಲ್ಲೆಲ್ಲಿ ಆ ಎಳೆಯ ಬದಲು ನೂಲು ಬಳಸುತ್ತಿದ್ದೆವೋ ಅಲ್ಲೆಲ್ಲ ನಾನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿನಿಂದ ಹಿಂದಕ್ಕೆ ತೂರಿಸಿ ಗಂಟು ಹಾಕುತ್ತಿದ್ದೆ.

ಮೊದಲನೆಯದು ಮುಗಿದು, ಎರಡನೆಯ ಹಡಗಿನ ಮೈ ಅಂಟಿಸಿ ಆಗಿತ್ತು. ಅದರ ಎರಡೂ ಮಗ್ಗುಲಿಗೆ ಸಾಲುಸಾಲಾಗಿ ದುಂಡು ಕಿಟಕಿಗಳು. ಒಂದೊಂದಕ್ಕೂ ಹಲ್ಲುಕಡ್ಡಿಯ ತುದಿಯಿಂದ ಕಪ್ಪು ಬಣ್ಣದ ಚುಕ್ಕೆ ಇಡಬೇಕು. ಅದು ಅಣ್ಣನ ಕೆಲಸ. ಒಂದು ಮಗ್ಗುಲು ಮುಗಿಸಿದ್ದ.

ಆ ವಾರ ಅವನ ಮೆಷಿನ್ನು ತೊಂದರೆ ಕೊಡತೊಡಗಿತು. ಅದಕ್ಕೊಂದು ಜಾರುಬಾಗಿಲಿದೆ. ಬಾಗಿಲು ತೆರೆದಿದ್ದರೆ ಅಚ್ಚು ಮುಚ್ಚಬಾರದು. ಹಾಗೆ ತಡೆಯುವುದು ಬಾಗಿಲಿನ ಅಂಚಿನ ಒಂದು ಸಣ್ಣ ಸ್ವಿಚ್ಚು. ಅದು ಸವೆದು, ಬಾಗಿಲು ಹಾಕಿದ್ದರೂ ಮೆಷಿನ್ನು ನಡುನಡುವೆ ನಿಂತುಬಿಡುತ್ತಿತ್ತು. ಹೊಸ ಸ್ವಿಚ್ಚು ಬಂದಿರಲಿಲ್ಲ. ಸೂಪರ್‌ವೈಸರು ನನ್ನನ್ನು ಕರೆದು, ಸ್ವಿಚ್ಚನ್ನು ಒತ್ತಿ ಕಟ್ಟಿಬಿಡು, ಬಂದ ಮೇಲೆ ಬದಲಾಯಿಸೋಣ ಅಂದರು. ತಾಮ್ರದ ತಂತಿ ತೆಗೆದುಕೊಂಡು ಕಟ್ಟಿದೆ. ಎರಡು ನಿಮಿಷದ ಕೆಲಸ. ಬಾಗಿಲು ತೆರೆದಿದ್ದರೂ ಮುಚ್ಚಿದೆ ಅಂದುಕೊಂಡು ಮೆಷಿನ್ನು ನಿಲ್ಲದೆ ಓಡಿತು. ಎಲ್ಲರಿಗೂ ಸಮಾಧಾನವಾಯಿತು, ನನಗೂ.

ಐದನೆಯ ದಿನ ಮಧ್ಯಾಹ್ನ ಊಟದ ಗಂಟೆಗೆ ಸ್ವಲ್ಪ ಮುಂಚೆ ಕೂಗು ಕೇಳಿತು. ಅಚ್ಚಿನಲ್ಲಿ ಸಿಕ್ಕಿಕೊಂಡಿದ್ದ ಸಾಮಾನನ್ನು ತೆಗೆಯಲು ಅಣ್ಣ ಬಾಗಿಲು ಸರಿಸಿ ಕೈ ಹಾಕಿದ್ದ. ಅಚ್ಚು ಮುಚ್ಚಿತ್ತು. ನಾನು ಓಡಿಹೋದಾಗ ಅವನು ನಿಂತೇ ಇದ್ದ, ಮೆಷಿನ್ನಿಗೆ ಒರಗಿಕೊಂಡು. ಅಚ್ಚನ್ನು ಬಿಡಿಸಿದ್ದು ನಾನೇ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ. ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನಿಂದ ಸ್ವಲ್ಪ ಮೇಲಕ್ಕೆ ಕತ್ತರಿಸಿ ತೆಗೆದರು.

ನಾನು ಆಸ್ಪತ್ರೆಯಿಂದ ವಾಪಸು ಬರುವಷ್ಟರಲ್ಲಿ ಸ್ವಿಚ್ಚಿನ ಮೇಲೆ ತಂತಿ ಇರಲಿಲ್ಲ. ಹೊಸ ಸ್ವಿಚ್ಚು ಕೂತಿತ್ತು. ಎರಡು ದಿನ ಬಿಟ್ಟು ವಿಚಾರಣೆಗೆ ಸರ್ಕಾರದ ಅಧಿಕಾರಿಯೊಬ್ಬರು ಬಂದರು. ನಮ್ಮನ್ನು ಒಬ್ಬೊಬ್ಬರಾಗಿ ಆಫೀಸಿಗೆ ಕರೆದರು. ಸೂಪರ್‌ವೈಸರು ಬಾಗಿಲ ಬಳಿ ನಿಂತಿದ್ದರು. ಮೆಷಿನ್ನಿನ ಬಾಗಿಲಿನ ಸ್ವಿಚ್ಚು ಹೇಗಿತ್ತು ಅಂತ ಅಧಿಕಾರಿ ತಮಿಳಿನಲ್ಲಿ ಕೇಳಿದರು.

"ನಲ್ಲಾ ಇರುಂದುಚ್ಚು ಸಾರ್," ಅಂದೆ. ಚೆನ್ನಾಗಿತ್ತು ಸಾರ್. ನನಗೆ ತಮಿಳು ಅಷ್ಟಾಗಿ ಬರುವುದಿಲ್ಲ. ಆ ಮೂರು ಮಾತು ಮಾತ್ರ ಒಂದೂ ತಪ್ಪಿಲ್ಲದೆ ಬಂದವು. ಅವರು ಬರೆದುಕೊಂಡ ಹಾಳೆಯ ಕೆಳಗೆ ಸಹಿ ಹಾಕಿದೆ. ಆಪರೇಟರನ ಅಜಾಗರೂಕತೆ ಎಂದು ತೀರ್ಮಾನವಾಯಿತು.

ನಾಲ್ಕು ತಿಂಗಳು ನಾನು ಅಣ್ಣನ ಮನೆಗೆ ಹೋಗಲಿಲ್ಲ. ಶಿಫ್ಟು, ಮೈ ಸರಿಯಿಲ್ಲ, ಊರಿಗೆ ಹೋಗಬೇಕು, ಹೀಗೆ ಫೋನಿನಲ್ಲಿ ಏನೇನೋ ಹೇಳುತ್ತಿದ್ದೆ. ಒಂದು ಭಾನುವಾರ ಬೆಳಗ್ಗೆ ಅವನೇ ಬಂದ, ಬಸ್ಸಿನಲ್ಲಿ. ಅಂಗಿಯ ಬಲತೋಳನ್ನು ಮಡಿಸಿ ಪಿನ್ನು ಹಾಕಿದ್ದ. ನನ್ನ ಹೆಂಡತಿ ಕಾಫಿ ತಂದು, ಲೋಟವನ್ನು ಯಾವ ಕೈಗೆ ಕೊಡಬೇಕೆಂದು ತಿಳಿಯದೆ ನೆಲದ ಮೇಲಿಟ್ಟಳು.

"ಹಡಗು ಎಲ್ಲೀಗ್ ಬಂತು?" ಅಂದ.

"ಅಲ್ಲೇ ಇದೆ ಅಣ್ಣ. ನೀನಿಲ್ದೆ ಮುಟ್ಟಿಲ್ಲ."

"ಸರಿ, ತಕ್ಕೊಂಬಾ."

ಬಣ್ಣದ ಶೀಶೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಹಲ್ಲುಕಡ್ಡಿ ಹಿಡಿದ. ನಾನು ಹಡಗನ್ನು ಅಲ್ಲಾಡದಂತೆ ಹಿಡಿದುಕೊಂಡೆ. ಉಳಿದ ಮಗ್ಗುಲಿನ ಕಿಟಕಿಗಳಿಗೆ ಚುಕ್ಕೆ ಇಡತೊಡಗಿದ. ಒಂದು ಚುಕ್ಕೆ ಕೆಳಕ್ಕೆ ಇಳಿಯಿತು, ಇನ್ನೊಂದು ಪಕ್ಕದ ಕಿಟಕಿಗೆ ಸೇರಿಕೊಂಡಿತು. ಮೊದಲು ಒಂದೇ ಸಲಕ್ಕೆ ಒಂದು ಸಾಲು ಮುಗಿಸುತ್ತಿದ್ದವನು ಸಂಜೆಯ ಹೊತ್ತಿಗೆ ಅರ್ಧ ಸಾಲು ಮುಗಿಸಿ, ಬೆವರು ಒರೆಸಿಕೊಂಡ. ರನ್ನರ್ ಎಳೆಯಲು ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ಅದು ಪ್ರತಿ ಸಲ ಕಡಿಯಿತು. ಅವನು ಬೇಸರಪಟ್ಟುಕೊಳ್ಳಲಿಲ್ಲ. ಮುಂದಿನ ವಾರವೂ ಬಂದ, ಅದರ ಮುಂದಿನ ವಾರವೂ.

ಆ ಮೂರನೆಯ ಭಾನುವಾರ ಅವನು ಹೋದ ಮೇಲೆ, ನಾನು ಹತ್ತಿಗೆ ತಿನ್ನರ್ ಹಚ್ಚಿಕೊಂಡು ಸೊಟ್ಟ ಚುಕ್ಕೆಗಳನ್ನೆಲ್ಲ ಒರೆಸಿ ನಾನೇ ಮತ್ತೆ ಇಟ್ಟೆ. ಅವನಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅಥವಾ ಆ ಸೊಟ್ಟ ಸಾಲನ್ನು ವಾರವೆಲ್ಲ ನೋಡಿಕೊಂಡು ಇರಲು ನನ್ನಿಂದ ಆಗುತ್ತಿರಲಿಲ್ಲ.

ಮುಂದಿನ ವಾರ ಅಣ್ಣ ಹಡಗನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ತಿದ್ದಿದೀಯ."

"ಸ್ವಲ್ಪ, ಅಷ್ಟೇ ಅಣ್ಣ. ಬಣ್ಣ ಹರಡಿತ್ತು, ಅದಕ್ಕೆ."

ಅವನು ಹಡಗನ್ನು ಮೆಲ್ಲಗೆ ಕೆಳಗಿಟ್ಟ. "ನಡೆದಿದ್ದನ್ನ ತಿದ್ದೋದು ನಿಂಗೆ ಅಭ್ಯಾಸ ಆಗ್ಬುಟ್ಟದೆ ಕಣ್ಲಾ."

ಶೀಟಿನ ಕೋಣೆಯಲ್ಲಿ ಕಾವು ಏರುತ್ತಿತ್ತು. ಕೆಳಗೆ ರಸ್ತೆಯಲ್ಲಿ ಯಾರೋ ತೆಲುಗಿನಲ್ಲಿ ಸೊಪ್ಪು ಕೂಗಿಕೊಂಡು ಹೋದರು.

"ಆ ಸ್ವಿಚ್ ಕಟ್ಟಿದ್ದು ನಾನೇ ಅಣ್ಣ," ಅಂದೆ.

"ಗೊತ್ತು."

"ಯಾರು ಹೇಳಿದ್ರು?"

"ಯಾಕ್ ಹೇಳ್ಬೇಕು? ಕಟ್ಟಿದ್ ದಿನಾನೇ ನೋಡ್ದೆ. ಎರಡ್ ಸುತ್ತು ಸುತ್ತಿ ತುದಿನ ಹಿಂದಕ್ ತೂರ್ಸೋ ಗಂಟು. ಎರಡ್ ವರ್ಷದಿಂದ ನಿನ್ ಪಕ್ಕದಲ್ಲಿ ಕೂತು ನೋಡ್ತಿಲ್ವ ನಾನು?" ಹೆಬ್ಬೆರಳಿನಿಂದ ಕಿಟಕಿಗಳ ಸಾಲನ್ನು ಸವರಿದ. "ನೋಡಿದ್ರೂ ನಾನೂ ಬಿಚ್ಲಿಲ್ಲ. ಮೆಷಿನ್ನು ಚೆನ್ನಾಗ್ ಓಡ್ತಿತ್ತು. ಅದು ನನ್ ತಪ್ಪು. ಕಟ್ಟಿದ್ದಕ್ಕೆ ನಿನ್ ಮೇಲೆ ಬೇಜಾರಿಲ್ಲ. ಆಸ್ಪತ್ರೇಲಿ ಮಲಗಿದ್ದಾಗ ಬಂದು ಹೇಳ್ದ್ರು, ಬಾಗಿಲು ಸರಿಯಾಗಿತ್ತಂತೆ, ಟೂಲ್ ರೂಮಿನೋರೇ ಸೈನ್ ಮಾಡವ್ರೆ ಅಂತ. ಅದನ್ನ ನೀನೇ ಬಂದು ಹೇಳ್ತೀಯ ಅಂತ ನಾಲ್ಕು ತಿಂಗಳು ಕಾದೆ. ಬರ್ಲಿಲ್ಲ. ಅದಕ್ಕೆ ನಾನೇ ಬಂದೆ. ಇಲ್ಲಿ ಬಂದ್ ಮೇಲೂ ನೀನು ಬಾಯಿ ಬಿಡ್ಲಿಲ್ಲ."

ಎದ್ದು ಎಡಗೈಯಲ್ಲಿ ಚಪ್ಪಲಿ ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದ. ಬಸ್ ಸ್ಟಾಪಿನವರೆಗೆ ಹಿಂದೆ ಹಿಂದೆ ಹೋದೆ. ಅವನು ತಿರುಗಿ ನೋಡಲಿಲ್ಲ. ಬಸ್ಸು ಬಂದಾಗ ಹತ್ತಿ ಕೂತ.

ಆ ವಾರ ರಜೆ ಹಾಕಿ, ವಿಚಾರಣೆಯನ್ನು ಮತ್ತೆ ನಡೆಸಿ ಎಂದು ಅರ್ಜಿ ಕೊಡಲು ಜಿಲ್ಲೆಯ ಆಫೀಸುಗಳಿರುವ ಕೃಷ್ಣಗಿರಿಗೆ ಹೋದೆ. ಅರ್ಜಿಯನ್ನು ತಮಿಳಿನಲ್ಲಿ ಬರೆಸಬೇಕಿತ್ತು. ಆಫೀಸುಗಳ ಮುಂದೆ ಮರದ ಕೆಳಗೆ ಕೂತು ಅರ್ಜಿ ಬರೆಯುವವನೊಬ್ಬನಿಗೆ ಎಲ್ಲವನ್ನೂ ಹೇಳಿದೆ. ಅವನು ಪೆನ್ನು ನಿಲ್ಲಿಸಿ, ಇದರಲ್ಲಿ ನೀವೇ ಸಿಕ್ಕಿಬೀಳ್ತೀರಲ್ಲ, ಗೊತ್ತಾ ಎಂದು ಕೇಳಿದ. ಗೊತ್ತು, ಬರೆಯಿರಿ ಅಂದೆ. ಸ್ವಿಚ್ಚು ಕಟ್ಟಿದವನು ನಾನು, ಚೆನ್ನಾಗಿತ್ತು ಎಂದು ಸುಳ್ಳು ಹೇಳಿದವನೂ ನಾನೇ. ಅವನು ಓದಿ ಹೇಳಿದ್ದನ್ನು ಕೇಳಿ ಸಹಿ ಹಾಕಿದೆ. ಅರ್ಜಿ ತೆಗೆದುಕೊಂಡು ಮೊಹರು ಹೊಡೆದರು.

ಎರಡು ತಿಂಗಳ ಮೇಲೆ ವಿಚಾರಣೆಗೆ ಕರೆ ಬಂತು. ಕಾರ್ಖಾನೆಯ ಕಡೆಯ ವಕೀಲರು ಒಂದೇ ಪ್ರಶ್ನೆ ಕೇಳಿದರು. ಮೊದಲು ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ? ಮೊದಲಿನದು ಅಂದೆ. ಹಾಗಾದರೆ ನೀವು ಸರ್ಕಾರದ ಅಧಿಕಾರಿಯ ಮುಂದೆ ಸುಳ್ಳು ಹೇಳುವ ಮನುಷ್ಯ, ಇವತ್ತು ಯಾಕೆ ನಂಬಬೇಕು ಅಂದರು. ತೋರಿಸಲು ನನ್ನ ಹತ್ತಿರ ತಂತಿಯಿಲ್ಲ, ಹಳೆಯ ಸ್ವಿಚ್ಚಿಲ್ಲ. ಜೊತೆಯವರಲ್ಲಿ ಯಾರೂ ನನ್ನ ಪರ ಮಾತಾಡಲಿಲ್ಲ. ಅವರನ್ನು ನಾನು ಯಾವ ಬಾಯಿಂದ ಬೈಯಲಿ. ಆ ತಿಂಗಳೇ ನನ್ನನ್ನು ಕೆಲಸದಿಂದ ತೆಗೆದರು. ಫೈಲು ಈಗಲೂ ಮುಗಿದಿಲ್ಲ, ಮುಂದಕ್ಕೂ ಹೋಗಿಲ್ಲ. ನಾನು ಈಗ ಒಂದು ಸಣ್ಣ ಶೆಡ್ಡಿನಲ್ಲಿ ಅಚ್ಚು ಉಜ್ಜುತ್ತೇನೆ. ಎರಡನೆಯ ಹಡಗಿಗೆ ಕಂಬ ನಿಲ್ಲಿಸಲಿಲ್ಲ.

ಕೆಲಸ ಹೋದ ಹೊಸದರಲ್ಲಿ, ನಡೆದದ್ದನ್ನೆಲ್ಲ ಹೇಳಲು ಒಂದು ದಿನ ಬೆಳಗ್ಗೆ ಕೆಲಮಂಗಲಕ್ಕೆ ಬಸ್ಸು ಹತ್ತಿ, ಅಲ್ಲಿಂದ ಹಳ್ಳಿಗೆ ನಡೆದುಕೊಂಡು ಹೋದೆ. ಅಣ್ಣ ಮತ್ತು ಅವನ ಹೆಂಡತಿ ಟೊಮ್ಯಾಟೊ ತೋಟದಲ್ಲಿದ್ದರು. ಅತ್ತಿಗೆ ಕೀಳುತ್ತಿದ್ದಳು, ಅವನು ಕ್ರೇಟನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮೋಟನ್ನು ಅಡಿಗೆ ಕೊಟ್ಟು ಸಾಲಿನ ಕೊನೆಗೆ ಒಯ್ಯುತ್ತಿದ್ದ. ನಾನು ಬದುವಿನ ಮೇಲೆ ನಿಂತು ಹೇಳಿದ್ದನ್ನು ಪೂರ್ತಿ ಕೇಳಿದ.

"ಕೆಲ್ಸ ಹೋಯ್ತಾ?" ಅಂದ.

"ಹೋಯ್ತು."

"ಮೊದ್ಲೇ ಹೇಳಿದ್ರೆ ಕೇಳೋರು," ಅಂದ, ಸಿಟ್ಟಿಲ್ಲದೆ. "ಉಂಡ್ಕೊಂಡ್ ಹೋಗು." ಮತ್ತೆ ಸಾಲಿನೊಳಗೆ ಹೋದ.

ಅತ್ತಿಗೆ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಅವನು ಊಟಕ್ಕೆ ಬರಲಿಲ್ಲ. ನಾನು ಕೈ ತೊಳೆದುಕೊಂಡು ಬಂದಾಗ ಅವಳು ಬಾಗಿಲಿಗೆ ಒರಗಿ ನಿಂತಿದ್ದಳು.

"ನೋಡಪ್ಪ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬೇಡ," ಅಂದಳು. "ನಿಮ್ಮನೆಗೆ ಬಂದು ಹೋದಾಗೆಲ್ಲ ಇವ್ರು ಎರಡ್ ದಿನ ನೆಟ್ಟಗೆ ಉಣ್ಣಾಕಿಲ್ಲ, ಮಾತಾಡಾಕಿಲ್ಲ. ಈಗೀಗ ಸ್ವಲ್ಪ ಸರಿ ಹೋಗವ್ರೆ. ಇನ್ನ ನೀನು ಬರ್ಬೇಡ."

"ಆಗ್ಲಿ ಅತ್ತಿಗೆ," ಅಂದೆ.

ಅಣ್ಣನಿದ್ದ ತೋಟದ ದಾರಿ ಬಿಟ್ಟು ಊರೊಳಗಿನಿಂದ ಬಳಸಿಕೊಂಡು ರಸ್ತೆಗೆ ಬಂದೆ. ಮೂರು ವರ್ಷವಾಯಿತು. ಆಮೇಲೆ ಆ ಕಡೆ ಹೋಗಿಲ್ಲ.