ಕೂತುಕೊಂಡೇ ಹತ್ತಿದ ಏರು

ಹೋದ ವಾರ ಒಂದು ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು ಫೋನು ನೋಡಿದರೆ, ಯಾರೋ ನನ್ನನ್ನೇ ಉದ್ದೇಶಿಸಿ ಕೇಳಿದ್ದರು: "ಅಮ್ಮಾ, ನಿನ್ನೆ ನೀವು ಎಷ್ಟು ಕಿಲೋಮೀಟರ್?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನೀವು ನನ್ನನ್ನು ಏನೋ ಎಂದುಕೊಳ್ಳುತ್ತೀರಿ. ನನ್ನ ನಾದಿನಿಯ ಮಗಳು ವೀಣಾ ಇಲ್ಲೇ ಸಾಗರದ ಬ್ಯಾಂಕೊಂದರಲ್ಲಿದ್ದಾಳೆ. ರಜೆ ಬಂತೆಂದರೆ ಸೈಕಲ್ ಹತ್ತುತ್ತಾಳೆ. ಅವಳಂಥವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಒಂದು ದಿನ ಊಟಕ್ಕೆ ಬಂದವಳು "ಅತ್ತೆ, ನೀವೂ ಒಂದ್ ಕಾಲದಲ್ಲಿ ಸೈಕಲ್ ಹೊಡೀತಿದ್ರಂತಲ್ಲ, ಬನ್ನಿ" ಎಂದು ನನ್ನನ್ನೂ ಅದರೊಳಗೆ ಸೇರಿಸಿಬಿಟ್ಟಳು. ಹೊತ್ತು ಹೋಗಲಿಕ್ಕೆ ಅದು ಚೆನ್ನಾಗಿಯೇ ಇದೆ. ಒಬ್ಬರು ಹೊಸನಗರದಾಚೆ ನಗರ ಎಂಬ ಊರಿನ ಕೋಟೆ ತನಕ ಹೋಗಿ ಬಂದೆ ಅನ್ನುತ್ತಾರೆ, ಒಬ್ಬರು ಬ್ಯಾಕೋಡಿನಲ್ಲಿ ತಿಂದ ದೋಸೆಯ ಫೋಟೋ ಹಾಕುತ್ತಾರೆ, ಇನ್ನೊಬ್ಬರು ಟಯರಿಗೆ ಎಷ್ಟು ಗಾಳಿ ಎಂದು ಕೇಳಿದರೆ ಹದಿನಾಲ್ಕು ಜನ ಹದಿನಾಲ್ಕು ಥರ ಉತ್ತರ ಕೊಡುತ್ತಾರೆ. ನಾನು ಮೊದಲ ವಾರ ದಿನಾ ಬೆಳಿಗ್ಗೆ ದೇವರ ಪಟ ಕಳಿಸಿದೆ. "ಅಮ್ಮಾ, ಇಲ್ಲಿ ಸೈಕಲ್ ವಿಷಯ ಮಾತ್ರ" ಎಂದು ಯಾರೋ ಮೆತ್ತಗೆ ಹೇಳಿದರು. ಮರುದಿನ ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡ ಸೈಕಲ್ಲಿನ ಪಟ ಕಳಿಸಿದೆ. ಯಾರೂ ತುಟಿ ಎರಡು ಮಾಡಲಿಲ್ಲ.

ಆದರೆ ನನ್ನ ಈಗಿನ ಸೈಕಲ್ಲು ಎಂಥದ್ದು ಎಂಬುದನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಮಂಡಿನೋವಿಗೆ ಡಾಕ್ಟರು ಬರೆದುಕೊಟ್ಟದ್ದು ಅದು. ಜಗಲಿಯ ಮೂಲೆಯಲ್ಲಿ ನಿಂತಿದೆ. ತುಳಿದರೆ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಪುಟ್ಟ ಕಿಟಕಿಯಲ್ಲಿ ಅಂಕಿ ಮಾತ್ರ ಏರುತ್ತದೆ. ಹಿಂದಿನ ದಿನ ನಾಲ್ಕು ಎಂದು ತೋರಿಸಿತ್ತು. "ನಾಲ್ಕು" ಎಂದು ಬರೆದೆ. ಅದು ನಿಜವೇ. ಹೆಬ್ಬೆರಳುಗಳ ಸುರಿಮಳೆಯಾಯಿತು. ಅಷ್ಟಕ್ಕೇ ಬಿಡಬಾರದೆ? ಇನ್ನೊಬ್ಬರು ಕೇಳಿದರು: "ವಾಹ್ ಅಮ್ಮಾ! ಯಾವ ಕಡೆ ಹೋಗಿದ್ರಿ?"

ನನ್ನ ಬೆರಳು ತನ್ನಷ್ಟಕ್ಕೇ "ಇಕ್ಕೇರಿ ಕಡೆ" ಎಂದು ಬರೆಯಿತು. ಕಳಿಸದೆ ಫೋನನ್ನು ತೊಡೆಯ ಮೇಲಿಟ್ಟೆ. ಯಾಕೆಂದರೆ ಈ ಸುಳ್ಳನ್ನು ನಾನು ಹೇಳುತ್ತಿದ್ದುದು ಅದು ಮೊದಲ ಸಲವಲ್ಲ.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ನನ್ನ ತವರು ತೀರ್ಥಹಳ್ಳಿ ಕಡೆ, ಕೊಟ್ಟದ್ದು ಹೊಸನಗರಕ್ಕೆ. ನಮ್ಮವರು ಹೈಸ್ಕೂಲು ಮೇಷ್ಟರು, ವರ್ಗವಾಗಿ ಸಾಗರಕ್ಕೆ ಬಂದೆವು. ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಶಾಂತಕ್ಕ ಎಂಬ ನರ್ಸ್ ಇದ್ದರು. ಹಳ್ಳಿ ಸುತ್ತಲಿಕ್ಕೆಂದು ಅವರು ಒಂದು ಕಪ್ಪು ಲೇಡೀಸ್ ಸೈಕಲ್ ಕೊಂಡರು. ಒಬ್ಬರೇ ಕಲಿಯಲಿಕ್ಕೆ ನಾಚಿಕೆಯಾಗಿ ಕೇರಿಯ ಹೆಂಗಸರನ್ನೂ ಕರೆದರು. ಟೈಲರನ ಹೆಂಡತಿ ಗೌರಮ್ಮ ಬಂದಳು. ಹೊಸದಾಗಿ ಮದುವೆಯಾಗಿ ಬಂದಿದ್ದ ವನಜ ಬಂದಳು. ನಾನೂ ಹೊರಟೆ.

"ನೀನು ಸೈಕಲ್ ಕಲ್ತು ಎಂತ ಮಾಡ್ತೀಯೆ?" ಎಂದರು ನಮ್ಮವರು.

"ಎಂತ ಮಾಡೋದು? ಕೂರೋದು," ಎಂದೆ.

ನಿಜಕ್ಕೂ ನಾನು ಕಲಿತದ್ದು ಅಷ್ಟೇ. ನಾವು ಕಲಿಯುತ್ತಿದ್ದುದು ಸಂತೆ ಮೈದಾನದಲ್ಲಿ. ಸಂತೆಯಿಲ್ಲದ ದಿನ ಮಧ್ಯಾಹ್ನ ಅಲ್ಲಿ ಎರಡು ದನ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ತರಕಾರಿ ಹರವಲು ಸಾಲಾಗಿ ಕಲ್ಲುಕಟ್ಟೆಗಳಿದ್ದವು. ನಾನು ಕುಳ್ಳಿ. ಸೀಟಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹಾಗಾಗಿ ಕಟ್ಟೆಯ ಮೇಲಿಂದ ಸೈಕಲ್ ಹತ್ತುತ್ತಿದ್ದೆ, ಒಂದು ಸುತ್ತು ಹೊಡೆದು ಮತ್ತೆ ಕಟ್ಟೆಗೇ ತಂದು ಕಾಲೂರುತ್ತಿದ್ದೆ. ಉಳಿದವರು ಓಡುತ್ತ ಹತ್ತಲು, ಹಾರಿ ಇಳಿಯಲು ಕಲಿತರು, ಮಂಡಿ ಕೆತ್ತಿಸಿಕೊಂಡರು. ನನಗೆ ಒಂದು ಗೀರೂ ಆಗಲಿಲ್ಲ. "ಮೇಷ್ಟ್ರಮ್ಮ ನೋಡಿ, ಬಸ್ಸು ಸ್ಟ್ಯಾಂಡಿಗೆ ತಂದ್ ಹಾಗೆ ತಂದು ನಿಲ್ಲಿಸ್ತಾರೆ" ಎಂದು ಗೌರಮ್ಮ ಹೇಳಿದರೆ ನಾನು ಹಿಗ್ಗುತ್ತಿದ್ದೆ. ಕಟ್ಟೆಯಿಲ್ಲದಿದ್ದರೆ ನನಗೆ ಹತ್ತಲೂ ಬಾರದು, ಇಳಿಯಲೂ ಬಾರದು ಎಂಬುದು ನನಗೆ ಮಾತ್ರ ಗೊತ್ತಿತ್ತು.

ಸೈಕಲ್ ಒಂದೇ, ಹೊಡೆಯುವವರು ನಾಲ್ಕು ಜನ. ಹಾಗಾಗಿ ಹೊಡೆದದ್ದಕ್ಕಿಂತ ಕಟ್ಟೆಯ ಮೇಲೆ ಕೂತು ಮಾತಾಡಿದ್ದೇ ಹೆಚ್ಚು. ಯಾರ ಬ್ರೇಕು ಕಿರ್ ಅಂತು, ಯಾರ ಸೆರಗು ಚೈನಿಗೆ ಸಿಕ್ಕಿತು, ಯಾರನ್ನು ನೋಡಿ ಪೋಸ್ಟ್‌ಮ್ಯಾನ್ ತನ್ನ ಸೈಕಲ್ಲಿಂದ ಇಳಿದು ನಿಂತ. ಎಷ್ಟು ದೂರ ಹೋದೆ ಎಂಬುದಂತೂ ದಿನಾ ಒಂದೊಂದು ಫರ್ಲಾಂಗು ಬೆಳೆಯುತ್ತಿತ್ತು. ಫೋನಿನ ಗುಂಪು ನೋಡಿದಾಗೆಲ್ಲ ನನಗೆ ಆ ಕಟ್ಟೆಯೇ ಕಾಣುತ್ತದೆ. ಅಲ್ಲಿ ಸಂಜೆ ಒಲೆ ಹಚ್ಚುವ ಹೊತ್ತಿಗೆ ಏಳಬೇಕಿತ್ತು, ಇಲ್ಲಿ ಏಳಬೇಕಿಲ್ಲ, ಅಷ್ಟೇ ವ್ಯತ್ಯಾಸ.

ಆ ವರ್ಷ ನನ್ನ ನಾಲ್ಕು ವರ್ಷದ ಮಗಳು ಸುಮಾಗೆ ನಾಯಿಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಮುಖ ಕಪ್ಪಿಡುತ್ತಿತ್ತು. ಇಕ್ಕೇರಿಯ ಅಘೋರೇಶ್ವರನಿಗೆ ಹಣ್ಣುಕಾಯಿ ಹೇಳಿಕೊಂಡೆ. ಒಂದು ತಿಂಗಳಿಗೆ ಕೆಮ್ಮು ತಗ್ಗಿತು. ಹರಕೆ ತೀರಿಸಬೇಕು. ಬಸ್ಸಿಗೆ ಹೋಗಬಹುದಿತ್ತು. ಆದರೆ ಭಕ್ತಿಯ ಜೊತೆ ಜಂಬವೂ ಸೇರಿಕೊಂಡರೆ ಬಸ್ಸು ಎಲ್ಲಿ ರುಚಿಸುತ್ತದೆ? ಭಾನುವಾರ ಶಾಂತಕ್ಕನ ಸೈಕಲ್ ಕೇಳಿ, ಕಾಯಿ ಚೀಲವನ್ನು ಹ್ಯಾಂಡಲ್ಲಿಗೆ ತೂಗಿಹಾಕಿ, ಮನೆಯ ಮೆಟ್ಟಿಲಿನಿಂದ ಹತ್ತಿ ಹೊರಟೆ.

ಊರು ದಾಟುವ ತನಕ ಸ್ವರ್ಗ. ಆಮೇಲೆ ಏರು ಬಂತು. ಸೈಕಲ್ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ನಿಂತರೆ ನಾನು ಏನು ಮಾಡಬೇಕು? ಬಿದ್ದೆ. ದೇವರು ದೊಡ್ಡವನು: ಬಿದ್ದದ್ದು ಹುಲ್ಲಿನ ಮೇಲೆ, ಹಿಂದೆ ಲಾರಿ ಇರಲಿಲ್ಲ, ಕಾಯಿ ಒಡೆಯಲಿಲ್ಲ, ಒಡೆದದ್ದು ಎರಡೇ ಬಳೆ. ಮತ್ತೆ ಹತ್ತೋಣವೆಂದರೆ ಸುತ್ತಮುತ್ತ ನನ್ನ ಅಳತೆಗೆ ಒಂದು ಕಲ್ಲಿಲ್ಲ. ಅಲ್ಲಿಂದ ದೇವಸ್ಥಾನದವರೆಗೂ ನೂಕಿಕೊಂಡೇ ಹೋದೆ. ಬರುವಾಗ ಇಳಿಜಾರಿಗೆ ಹೆದರಿ ಮತ್ತೆ ನೂಕಿದೆ. ಕರುವನ್ನು ಹೊಡೆದುಕೊಂಡು ಹೋಗುವವರ ಹಾಗೆ ಇಕ್ಕೇರಿಗೆ ಒಂದು ಸೈಕಲ್ಲನ್ನು ಹೊಡೆದುಕೊಂಡು ಹೋಗಿ ಬಂದೆ ಎನ್ನಿ.

ಮರುದಿನ ಕಟ್ಟೆಯ ಮೇಲೆ ಪ್ರಸಾದ ಹಂಚಿದೆ.

"ಸೈಕಲ್ಲಲ್ಲೇ ಹೋಗಿದ್ರಾ?" ಎಂದಳು ಗೌರಮ್ಮ.

"ಹೂಂ."

"ಆ ಏರು ಹತ್ತಿದ್ರಾ? ನಮ್ಮನೆಯವ್ರೇ ಅಲ್ಲಿ ಇಳ್ದು ನೂಕ್ತಾರೆ!"

"ಹತ್ತಿದೆ."

"ಕೂತ್ಕೊಂಡೇ?"

ಮೂರು ಜನರ ಕಣ್ಣೂ ನನ್ನ ಮೇಲೆ. "ಅಘೋರೇಶ್ವರನಾಣೆ, ಕೂತ್ಕೊಂಡೇ ಹತ್ತಿದೆ" ಎಂದುಬಿಟ್ಟೆ. ಅವನದೇ ಪ್ರಸಾದ ಕೈಯಲ್ಲಿ ಹಿಡಿದುಕೊಂಡು.

ಹನ್ನೆರಡು ದಿನ ನಾನು ಕೇರಿಗೇ ದೊಡ್ಡ ಮನುಷ್ಯಳಾದೆ. ಹಾಲಿನವಳು ಕೂಡ "ಇಕ್ಕೇರಿಗೆ ಸೈಕಲ್ ಹೊಡ್ದೋರು ನೀವೇನಾ?" ಎಂದು ಕೇಳಿದಳು. ವನಜ ಬಂದು "ಅಕ್ಕಾ, ಏರಲ್ಲಿ ಎಂತ ಮಾಡ್ಬೇಕು?" ಎಂದಳು. ಗೊತ್ತಿಲ್ಲ ಎನ್ನಲಿಕ್ಕಾಗುತ್ತದೆಯೇ? "ಹಲ್ಲು ಕಚ್ಚಿ ಮುಂದೆ ಬಾಗ್ಬೇಕು, ಮೇಲೆ ನೋಡ್ಬಾರ್ದು" ಎಂದೆ. ಆ ಹುಡುಗಿ ಮರುದಿನವೇ ಹೋಗಿ ಹಾಗೇ ಮಾಡಿ ನಿಜವಾಗಿಯೂ ಏರು ಹತ್ತಿ ಬಂದಳು! ಬಂದು ನನ್ನ ಕಾಲಿಗೆ ನಮಸ್ಕಾರ ಬೇರೆ ಮಾಡಿದಳು. ನಾನು ಆಶೀರ್ವಾದ ಮಾಡಿದೆ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಹದಿಮೂರನೆಯ ದಿನ ಮಧ್ಯಾಹ್ನ ಮಲಗಿದ್ದ ಸುಮಾ ಎದ್ದು ಕೂತು ಕೆಮ್ಮಿದಳು. ಅದೇ ಕೆಮ್ಮು. ಉಸಿರೆಳೆದುಕೊಳ್ಳುವಾಗ ಅದೇ ಕೂಗು. ಎತ್ತಿ ಎದೆಗೆ ಹಾಕಿಕೊಂಡೆ. ಮಗುವಿಗೆ ವಾಸಿ ಮಾಡಿಕೊಟ್ಟವನ ಹೆಸರಿನಲ್ಲೇ ಸುಳ್ಳು ಆಣೆ ಇಟ್ಟಿದ್ದೆ, ಅವನು ಕೊಟ್ಟದ್ದನ್ನು ವಾಪಸು ಕೇಳುತ್ತಿದ್ದಾನೆ, ನನಗೆ ಅನ್ನಿಸಿದ್ದು ಇಷ್ಟೇ. ನೀವು ನಗಬಹುದು. ಎದೆಯ ಮೇಲೆ ಮಗು ಹಾಗೆ ಕೆಮ್ಮುತ್ತಿರುವಾಗ ನಗು ಬರುವುದಿಲ್ಲ.

ಮರುದಿನ ಭಾನುವಾರ. ಮಗುವನ್ನು ನಮ್ಮವರ ಹತ್ತಿರ ಬಿಟ್ಟು, ಬೆಳಿಗ್ಗೆ ನಡೆದೇ ಇಕ್ಕೇರಿಗೆ ಹೋದೆ. ಅರ್ಚಕರು ನನ್ನನ್ನು ನೋಡಿದವರೇ "ಓ, ಅವತ್ತು ಸೈಕಲ್ ನೂಕ್ಕೊಂಡು ಬಂದೋರಲ್ವಾ? ಪಂಚರ್ ಆಗಿತ್ತಾ?" ಎಂದರು. ನಾನು ಅಲ್ಲೇ ಕಂಬ ಹಿಡಿದು ಅತ್ತುಬಿಟ್ಟೆ. ಎಲ್ಲ ಹೇಳಿದೆ. ದೇವರಿಗೆ ತಪ್ಪುಕಾಣಿಕೆ ಎಂತ ಹಾಕಬೇಕು ಎಂದು ಕೇಳಿದೆ.

"ಆಣೆ ಇಟ್ಟಿದ್ದು ಯಾರ ಎದುರಿಗೆ?" ಎಂದರು.

"ನಮ್ಮ ಕೇರಿ ಹೆಂಗಸರ ಎದುರಿಗೆ."

"ಮತ್ತೆ ಇವನಿಗೆ ಎಂತಕ್ಕೆ ಕಾಣಿಕೆ? ನೀವು ನೂಕಿದ್ದು ಇವನು ನೋಡಿದಾನೆ, ನಾನೂ ನೋಡಿದೀನಿ. ಗೊತ್ತಿಲ್ದೇ ಇರೋದು ಅವ್ರಿಗಲ್ವಾ? ಹೋಗಿ ಅಲ್ಲಿ ಹೇಳಿ."

ಕಾಣಿಕೆ ಹಾಕಿ ಮುಗಿಸುವುದು ಎಷ್ಟು ಸುಲಭವಿತ್ತು! ದಾರಿಯುದ್ದಕ್ಕೂ ಅರ್ಚಕರ ಮೇಲೆ ಸಿಟ್ಟು ಮಾಡಿಕೊಂಡೇ ಬಂದೆ.

ಸೋಮವಾರ ಮಧ್ಯಾಹ್ನ ಕಟ್ಟೆಯ ಮೇಲೆ ಕೂತು "ಒಂದು ವಿಷಯ ಹೇಳ್ಬೇಕು" ಎಂದೆ.

"ಹೇಳಿ, ನಾವೇನು ಸೌತೆಕಾಯಿ ಮಾರೋಕೆ ಕೂತಿದ್ದೀವಾ?" ಎಂದಳು ಗೌರಮ್ಮ.

ಹೇಳಿದೆ. ಏರು, ಬಿದ್ದದ್ದು, ನೂಕಿದ್ದು, ಆಣೆ, ಮಗುವಿನ ಕೆಮ್ಮು. ಮುಗಿದ ಮೇಲೆ ಮೊದಲು ಗೌರಮ್ಮ ಬಾಯಿ ತೆರೆದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ನಮ್ಮನೆಯವ್ರು ನಂಬಲ್ಲ ಅಂದಿದ್ರು. ಮೇಷ್ಟ್ರಮ್ಮ ಸುಳ್ಳು ಹೇಳೋರಲ್ಲ ಅಂತ ಎರಡು ದಿನ ಮಾತು ಬಿಟ್ಟಿದ್ದೆ ಅವ್ರ ಹತ್ರ."

ಇದು ಅರ್ಚಕರ ಮಾತಿಗಿಂತ ಆಳಕ್ಕೆ ಹೋಯಿತು. "ತಪ್ಪಾಯ್ತು ಗೌರಮ್ಮ" ಎಂದೆ. ಅವಳು ಬೇರೆ ಕಡೆ ನೋಡಿದಳು.

ಶಾಂತಕ್ಕ ಗಂಟಲು ಸರಿಮಾಡಿಕೊಂಡರು. "ನಾಯಿಕೆಮ್ಮು ಪೂರ್ತಿ ಹೋಗೋಕೆ ಮೂರು ತಿಂಗಳು ಬೇಕು, ಮಧ್ಯ ಮಧ್ಯ ತಿರುಗಿ ಬರ್ತದೆ. ಅದು ನಿಮ್ಮ ಆಣೆ ಕಾಯ್ಕೊಂಡು ಕೂತಿರ್ಲಿಲ್ಲ. ಸಂಜೆ ಮಗು ಕರ್ಕೊಂಡ್ ಬನ್ನಿ, ನೋಡ್ತೀನಿ. ಅದಿರ್ಲಿ, ಏರು ಮುಗಿದ ಮೇಲೂ ನೂಕಿದ್ದು ಯಾಕೆ?"

"ನನಗೆ ಹತ್ತೋಕೆ ಬರಲ್ಲ."

"ಬರಲ್ವಾ?"

"ಇಳಿಯೋಕೂ ಬರಲ್ಲ."

"ಮತ್ತೆ ಇಷ್ಟು ದಿನ?"

"ಕಟ್ಟೆ ಇತ್ತಲ್ಲ."

ವನಜ "ಅಯ್ಯೋ, ಮತ್ತೆ ಹಲ್ಲು ಕಚ್ಚಿ ಬಾಗು ಅಂದಿದ್ದು?" ಎಂದಳು. "ಬಾಯಿಗೆ ಬಂದದ್ದು ಹೇಳಿದೆ ಕಣೇ." "ನಾನು ಹತ್ತಿಬಿಟ್ನಲ್ಲಕ್ಕಾ!" ಎಂದು ಅವಳು ಕೂಗಿದ್ದೇ ತಡ, ಬೇರೆ ಕಡೆ ನೋಡುತ್ತಿದ್ದ ಗೌರಮ್ಮನ ಭುಜ ಕುಲುಕತೊಡಗಿತು. ತಡೆಯಲಾರದೆ ನಕ್ಕಳು. ನಕ್ಕು ಕಣ್ಣೊರೆಸಿಕೊಂಡು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏಳಿ ಮೇಷ್ಟ್ರಮ್ಮ. ಇವತ್ತು ಕಟ್ಟೆ ಹತ್ರ ಹೋದ್ರೆ ಕಾಲು ಮುರೀತೀನಿ."

ಶಾಂತಕ್ಕ ಹ್ಯಾಂಡಲ್ ಹಿಡಿದರು, ಗೌರಮ್ಮ ಹಿಂದಿನ ಕ್ಯಾರಿಯರ್ ಹಿಡಿದಳು, ವನಜ "ಈಗ ಬ್ರೇಕು, ಈಗ ಎಡಗಾಲು" ಎಂದು ಓಡುತ್ತ ಹೇಳಿಕೊಟ್ಟಳು. ಎರಡು ಸಲ ಬಿದ್ದೆ. ಮೊದಲ ಬಾರಿಗೆ ನನ್ನ ಮಂಡಿಯೂ ಕೆತ್ತಿತು. ಅರ್ಧ ಗಂಟೆಯಲ್ಲಿ ಹತ್ತುವುದೂ ಬಂತು, ಇಳಿಯುವುದೂ ಬಂತು. ಅರ್ಧ ಗಂಟೆಯ ಆ ಕೆಲಸ ಬಾರದೆಂಬುದನ್ನು ನಾನು ಎಷ್ಟೋ ತಿಂಗಳು ಬಚ್ಚಿಟ್ಟುಕೊಂಡಿದ್ದೆ.

ಸುಮಾಳ ಕೆಮ್ಮು ಶಾಂತಕ್ಕ ಹೇಳಿದಂತೆ ಬಂದು ಬಂದು, ಕೊನೆಗೆ ಹೋಯಿತು. ಔಷಧಿಗೂ ದೇವರಿಗೂ ನಾನು ಜಗಳ ಹಚ್ಚುವುದಿಲ್ಲ, ಇಬ್ಬರಿಗೂ ಕೈ ಮುಗಿದೆ. ಆ ಏರನ್ನು ಮಾತ್ರ ನಾನು ಕೂತುಕೊಂಡು ಎಂದೂ ಹತ್ತಲಿಲ್ಲ. ಇಳಿದು ನೂಕಿ, ಮೇಲೆ ಹೋಗಿ ಮತ್ತೆ ಹತ್ತಿ ಕೂರುತ್ತಿದ್ದೆ. ಕುಳ್ಳಿಗೆ ಅಷ್ಟೇ ದೊಡ್ಡದು.

ಹೀಗೆ ಜಗಲಿಯಲ್ಲಿ ಕೂತು ಎಲ್ಲ ನೆನೆಯುವಷ್ಟರಲ್ಲಿ ಕಾಫಿ ತಣ್ಣಗಾಗಿತ್ತು. "ಇಕ್ಕೇರಿ ಕಡೆ" ಎಂಬುದನ್ನು ಅಳಿಸಿದೆ. ಒಂದೊಂದೇ ಅಕ್ಷರ ಹುಡುಕಿ ಬರೆದೆ: "ಎಲ್ಲಿಗೂ ಹೋಗಿಲ್ಲ. ನನ್ನದು ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್. ಮಂಡಿನೋವಿಗೆ ತಂದದ್ದು. ತುಳಿದ ಮೇಲೆ ಇನ್ನೂ ಜಾಸ್ತಿ ನೋಯುತ್ತದೆ." ಕಣ್ಣು ಮುಚ್ಚಿ ಕಳಿಸಿದೆ.

ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳು ಸಾಲಾಗಿ ಬಂದವು. ಅವುಗಳ ನಡುವೆ ತೀರ್ಥಹಳ್ಳಿಯ ಒಂದು ಹುಡುಗಿ, ನಾನು ಮುಖ ನೋಡಿದವಳಲ್ಲ, "ಅಮ್ಮಾ, ಕೂತಿರೋ ಫೋಟೋ ಕಳ್ಸಿ" ಎಂದಳು. ವೀಣಾ ಬಂದು ತೆಗೆದು ಕಳಿಸಿದಳು. "ಸೀಟು ತುಂಬಾ ಕೆಳಗಿದೆ ಅಮ್ಮಾ, ಅದಕ್ಕೇ ನೋವು. ಎರಡು ತೂತು ಮೇಲೆ ಮಾಡ್ಸಿ" ಎಂದು ಆ ಹುಡುಗಿ ಬರೆದಳು. ಮೂರು ತಿಂಗಳಿಂದ ತುಳಿಯುತ್ತಿದ್ದೇನೆ, ಮನೆಗೆ ಬಂದ ಯಾರಿಗೂ ಅದು ಹೊಳೆದಿರಲಿಲ್ಲ. ವೀಣಾ ಸೀಟು ಏರಿಸಿಕೊಟ್ಟಳು.

ಈ ದಿನ ಬೆಳಿಗ್ಗೆ ಆ ತೀರ್ಥಹಳ್ಳಿಯ ಹುಡುಗಿ ಮತ್ತೆ ಕೇಳಿದಳು: "ನೋವು ಹೋಯ್ತಾ ಅಮ್ಮಾ?"

ಹೋಯ್ತು ಎಂದರೆ ಪಾಪ, ಎಷ್ಟು ಖುಷಿಪಡುತ್ತಿದ್ದಳೋ. "ಬಲಗಾಲಿನದು ಕಡಿಮೆಯಾಗಿದೆ ಮಗಳೇ, ಎಡಗಾಲಿನದು ಹಾಗೇ ಇದೆ" ಎಂದು ಬರೆದೆ.